ಬ್ರಿಟನ್ ಬದುಕಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಊರಿಗೆ ಹೋದಾಗ ಮದುವೆ ಮನೆಯಲ್ಲಿ, ವಾಟ್ಸಾಪ್‌ನಲ್ಲಿ, ಹೊಸದಾಗಿ ಬರುವವರ ಮೇಲ್‌ಗಳಲ್ಲಿ ಅವೇ ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಹಾಕಿದ್ದೇನೆ. ನಾನು ದಾವಣಗೆರೆಯವನು. ಹೆಂಡತಿ, ಇಬ್ಬರು ಮಕ್ಕಳ ಜೊತೆ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇನೆ. ಲಂಡನ್ನಿನಿಂದ ಪಶ್ಚಿಮಕ್ಕೆ, ವೇಗದ ರೈಲು ಹತ್ತಿದರೆ ಅರ್ಧ ಗಂಟೆ ದೂರ. ಕೆಲಸ ಏನು ಅಂತ ಯಾರೂ ಕೇಳುವುದಿಲ್ಲ, ಸಾಫ್ಟ್‌ವೇರ್ ಅಂತ ಅವರೇ ಊಹಿಸುತ್ತಾರೆ. ಊಹೆ ಸರಿಯೇ ಇದೆ. ಇಲ್ಲಿರುವ ಮೊತ್ತಗಳು, ನಿಯಮಗಳು 2025ರವು. ಹೆಚ್ಚಿನವು ಇಂಗ್ಲೆಂಡಿನವು, ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಕೆಲವು ಬೇರೆ ಇವೆ.

## ಮೊದಲ ಸುತ್ತಿನ ಪ್ರಶ್ನೆಗಳು

"ಅಲ್ಲಿ ಯಾವಾಗ ನೋಡಿದ್ರೂ ಮಳೆ ಅಂತೆ, ಹೌದಾ?"

ಲಂಡನ್ ಕಡೆ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ. ಬೆಂಗಳೂರಿಗೆ ಅದಕ್ಕಿಂತ ಎಷ್ಟೋ ಜಾಸ್ತಿ ಬೀಳುತ್ತದೆ. ಆದರೆ ಬೆಂಗಳೂರಿನ ಮಳೆ ಒಂದು ಗಂಟೆ ಸುರಿದು ಹೋಗುತ್ತದೆ. ಇಲ್ಲಿಯದು ದಿನವಿಡೀ ಜಿನುಗುತ್ತದೆ. ಕೊಡೆ ಹಿಡಿಯಲು ಕಡಿಮೆ, ಹಿಡಿಯದೆ ಇರಲು ಜಾಸ್ತಿ.

ನಿಜವಾದ ಕಷ್ಟ ಮಳೆಯೂ ಅಲ್ಲ, ಚಳಿಯೂ ಅಲ್ಲ, ಕತ್ತಲೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಾಗುವ ಮೊದಲೇ ಸೂರ್ಯ ಮುಳುಗುತ್ತಾನೆ. ಮಕ್ಕಳು ಶಾಲೆಯಿಂದ ಬರುವಷ್ಟರಲ್ಲಿ ಬೀದಿ ದೀಪ ಹತ್ತಿರುತ್ತದೆ. ಮೊದಲ ಚಳಿಗಾಲದಲ್ಲಿ ಎಷ್ಟೋ ಜನ ಕಾರಣ ಗೊತ್ತಾಗದೆ ಮಂಕಾಗುತ್ತಾರೆ. ಮಧ್ಯಾಹ್ನದ ಬಿಡುವಿನಲ್ಲಿ ಅರ್ಧ ಗಂಟೆ ಹೊರಗೆ ನಡೆಯಿರಿ, ವಿಟಮಿನ್ ಡಿ ಮಾತ್ರೆ ನುಂಗಿ. ನಮ್ಮ ಚರ್ಮದ ಬಣ್ಣಕ್ಕೆ ಇಲ್ಲಿಯ ಬಿಸಿಲು ಸಾಲುವುದಿಲ್ಲ. ಜೂನ್‌ನಲ್ಲಿ ರಾತ್ರಿ ಒಂಬತ್ತರ ಮೇಲೂ ಬೆಳಕಿರುತ್ತದೆ. ಆಗ "ಇನ್ನೂ ಬೆಳಕಿದೆ" ಅಂತ ಮಕ್ಕಳು ಮಲಗುವುದಿಲ್ಲ, ಅದು ಬೇರೆ ಗೋಳು.

ಸೆಕೆಯೂ ಇದೆ. 2022ರ ಜುಲೈ 19ರಂದು ಲಿಂಕನ್‌ಶೈರ್‌ನ ಕೋನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾಯಿತು. ಮನೆಗಳನ್ನು ಶಾಖ ಹಿಡಿದಿಡಲು ಕಟ್ಟಿದ್ದಾರೆ, ಸೀಲಿಂಗ್ ಫ್ಯಾನ್ ಇಲ್ಲ. ದಾವಣಗೆರೆಯ ಏಪ್ರಿಲ್ ಕಂಡವನೂ ಆ ದಿನ ಒದ್ದೆ ಟವೆಲ್ ಹೊದ್ದು ಕೂತಿದ್ದೆ.

"ಫೋನ್ ಮಾಡೋಕೆ ಯಾವ ಹೊತ್ತು ಸರಿ?"

ಚಳಿಗಾಲದಲ್ಲಿ ನಾವು ನಿಮಗಿಂತ ಐದೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ನಾಲ್ಕೂವರೆ. ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಮುಂದೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದೆ. ಮುಳ್ಳಿನ ಗಡಿಯಾರ ಇದ್ದವರಿಗೆ ಚಳಿಗಾಲದಲ್ಲಿ ಒಂದು ಉಪಾಯ: ಕೈಗಡಿಯಾರವನ್ನು ತಲೆಕೆಳಗಾಗಿ ಹಿಡಿದು ನೋಡಿ. ಭಾರತದಲ್ಲಿ ಮೂರು ಗಂಟೆ ಇದ್ದರೆ ಒಂಬತ್ತೂವರೆ ಕಾಣುತ್ತದೆ. ಅದೇ ನಮ್ಮ ಸಮಯ.

"ಊಟಕ್ಕೇನು ಮಾಡ್ತೀರಿ? ಬರೀ ಬ್ರೆಡ್ಡಾ?"

ಇಲ್ಲ ಮಾರಾಯರೇ. ಸೋನಾ ಮಸೂರಿ, ರಾಗಿ ಹಿಟ್ಟು, ಜೋಳದ ಹಿಟ್ಟು, ಹುಣಸೆಹಣ್ಣು, ಕರಿಬೇವು ಎಲ್ಲವೂ ಸಿಗುತ್ತವೆ. ಊರು ಯಾವುದು ಅನ್ನುವುದರ ಮೇಲೆ ಎಷ್ಟು ಸುಲಭ ಅನ್ನುವುದಿದೆ. ಲೆಸ್ಟರ್‌ನ ಬೆಲ್‌ಗ್ರೇವ್ ರಸ್ತೆ, ಲಂಡನ್ನಿನ ಈಸ್ಟ್ ಹ್ಯಾಮ್, ವೆಂಬ್ಲಿ, ಟೂಟಿಂಗ್, ಸೌತಾಲ್‌ಗಳಲ್ಲಿ ಊರಿನ ಮಾರ್ಕೆಟ್ಟಿಗಿಂತ ಹೆಚ್ಚು ಬಗೆ ಸಿಗುತ್ತದೆ. ಸಣ್ಣ ಊರಾದರೆ ತಿಂಗಳಿಗೊಮ್ಮೆ ಕಾರಿನ ಡಿಕ್ಕಿ ತುಂಬಿಸಿಕೊಂಡು ಬರಬೇಕು.

ಅಂಗಡಿಗಳು ಹೆಚ್ಚಾಗಿ ಗುಜರಾತಿಗಳದ್ದು, ಪಂಜಾಬಿಗಳದ್ದು, ತಮಿಳರದ್ದು. ಹಾಗಾಗಿ ಅವರ ಹೆಸರು ಕಲಿಯಬೇಕು. ನಮ್ಮ ಮಂಡಕ್ಕಿ ಅವರಲ್ಲಿ ಮಮ್ರಾ. ನಮ್ಮ ಅವರೆಕಾಳು ಫ್ರೀಜರ್‌ನಲ್ಲಿ 'ಸುರ್ತಿ ಪಾಪಡಿ ಲಿಲ್ವಾ' ಅನ್ನುವ ಪ್ಯಾಕೆಟ್ಟಿನೊಳಗೆ ಮಲಗಿರುತ್ತದೆ. ಈ ಒಂದು ಸುದ್ದಿಗೆ ಹೊಸದಾಗಿ ಬಂದ ಎಷ್ಟು ಕನ್ನಡಿಗರು ನನಗೆ ಕೈಮುಗಿದಿದ್ದಾರೋ! ಮೆಣಸಿನಕಾಯಿ ಬಜ್ಜಿಗೆ ಭಾರತೀಯ ಅಂಗಡಿಯ ಚೂರು ಮೆಣಸಿನಕಾಯಿ ಬೇಡ. ತುರ್ಕಿ ಅಂಗಡಿಗೆ ಹೋಗಿ, ಉದ್ದನೆಯ, ಖಾರ ಕಮ್ಮಿಯ ಹಸಿರು ಮೆಣಸಿನಕಾಯಿ ತನ್ನಿ. ಮಂಡಕ್ಕಿ, ಮಿರ್ಚಿ ಎರಡೂ ಆಯಿತಲ್ಲ.

ದೋಸೆ ಹಿಟ್ಟು ಚಳಿಗೆ ಹುಳಿ ಬರುವುದಿಲ್ಲ. ಒಲೆಯ ಓವನ್ ಒಳಗಿಟ್ಟು ದೀಪ ಮಾತ್ರ ಹಚ್ಚಿಡಿ. ಇಲ್ಲವೇ ಬಾಯ್ಲರ್ ಇರುವ ಕಪಾಟಿನಲ್ಲಿಡಿ. ಪಾತ್ರೆ ದೊಡ್ಡದಿರಲಿ, ಬಾಯ್ಲರ್ ಮೇಲೆ ಉಕ್ಕಿದರೆ ಒರೆಸುವುದು ಕಷ್ಟ.

"ಬರುವಾಗ ಏನು ತರಬೇಕು, ಏನು ತರಬಾರದು?"

ಹಾಲಿನ ಪದಾರ್ಥ, ಮಾಂಸ ಭಾರತದಿಂದ ತರುವಂತಿಲ್ಲ. ಅಂದರೆ ಧಾರವಾಡ ಪೇಡೆ, ಬೆಳಗಾವಿ ಕುಂದಾ, ಅಮ್ಮ ಕಾಸಿದ ತುಪ್ಪ ಮೂರಕ್ಕೂ ತಡೆ. ಎಲ್ಲರೂ ತರ್ತಾರಲ್ವಾ ಅಂತೀರಿ. ಹೌದು, ಹೀಥ್ರೋದಲ್ಲಿ ಕೆಲವರದ್ದು ಕಸದ ಡಬ್ಬಿಗೂ ಹೋಗುತ್ತದೆ. ಚಟ್ನಿಪುಡಿ, ಸಾರಿನಪುಡಿ, ಹಪ್ಪಳಕ್ಕೆ ತೊಂದರೆ ಇಲ್ಲ.

ಕುಕ್ಕರ್ ಹೊತ್ತು ತರಬೇಡಿ, ಇಲ್ಲೇ ಸಿಗುತ್ತದೆ. ಒಂದೆರಡು ಜೊತೆ ಕನ್ನಡಕ, ಮಕ್ಕಳ ಲಸಿಕೆಯ ದಾಖಲೆ, ನುಂಗುವ ಮಾತ್ರೆಗಳ ಚೀಟಿ, ಎಲ್ಲ ಅಂಕಪಟ್ಟಿ ತನ್ನಿ. ಒಂದು ಚೊಂಬು ಕೂಡ. ಯಾಕೆ ಅಂತ ಬಂದ ಮೊದಲ ಬೆಳಿಗ್ಗೆಯೇ ಗೊತ್ತಾಗುತ್ತದೆ.

"ಮನೆಗಳು ಫೋಟೋದಲ್ಲಿ ಎಷ್ಟು ಚಂದ! ಒಳಗೆ ಹೇಗಿರುತ್ತೆ?"

ಫೋಟೋದಲ್ಲಿ ಚಂದ. ಸಾಲಾಗಿ ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆ ಮನೆಗಳು, ಎಷ್ಟೋ ಮನೆಗೆ ನೂರು ವರ್ಷದ ಮೇಲಾಗಿದೆ. ನಮ್ಮ ಮೊದಲ ಬಾಡಿಗೆ ಮನೆ ಅಂಥದ್ದೇ. ಕೈ ತೊಳೆಯುವ ಬೇಸಿನ್‌ಗೆ ಎರಡು ನಲ್ಲಿ: ಒಂದರಲ್ಲಿ ಕೈ ಸುಡುವ ನೀರು, ಇನ್ನೊಂದರಲ್ಲಿ ಕೈ ಮರಗಟ್ಟುವ ನೀರು. ಬಚ್ಚಲಿನ ನೆಲದಲ್ಲಿ ನೀರು ಹೋಗಲು ತೂತೇ ಇಲ್ಲ. ಸ್ನಾನ ಮಾಡುವವರು ತೊಟ್ಟಿಯೊಳಗೆ ನಿಂತು ಮಾಡಬೇಕು, ಹೊರಗೆ ಚೆಲ್ಲಿದರೆ ಕೆಳಗಿನ ಕೋಣೆಯ ಮಾಳಿಗೆಯಲ್ಲಿ ಕಲೆ. ದೀಪಕ್ಕೆ ಸ್ವಿಚ್ ಬದಲು ನೇತಾಡುವ ದಾರ. ಒಗ್ಗರಣೆ ಹಾಕಿದರೆ ಹೊಗೆ ಅಲಾರಂ ಕೂಗಿಕೊಳ್ಳುತ್ತದೆ. ಮನೆಯಲ್ಲಿ ಒಬ್ಬರು ಸೌಟು, ಇನ್ನೊಬ್ಬರು ಟವೆಲ್ ಹಿಡಿದು ಅಲಾರಂ ಕೆಳಗೆ ಬೀಸುತ್ತಾ ನಿಲ್ಲುವುದು ನಮ್ಮೋರ ಎಲ್ಲ ಮನೆಯ ದೃಶ್ಯ.

ಚಳಿಗಾಲದಲ್ಲಿ ಬಟ್ಟೆ ಒಳಗೇ ಒಣಗಬೇಕು. ಆ ತೇವ ಗೋಡೆಗೆ ಹತ್ತಿ ಮೂಲೆಯಲ್ಲಿ ಕಪ್ಪು ಬೂಷ್ಟು ಬರುತ್ತದೆ. ಚಳಿ ಇದ್ದರೂ ದಿನಕ್ಕೆ ಹತ್ತು ನಿಮಿಷ ಕಿಟಕಿ ತೆಗೆಯಿರಿ.

ಬಾಡಿಗೆಯವರು ಇದೊಂದು ನೆನಪಿಡಿ. ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆ ಇದ್ದರೆ ಠೇವಣಿ ಐದು ವಾರದ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ. ಅದನ್ನು ಮಾಲೀಕರು 30 ದಿನದೊಳಗೆ ಸರ್ಕಾರ ಒಪ್ಪಿದ ಠೇವಣಿ ಯೋಜನೆಯಲ್ಲಿ ಇಡಲೇಬೇಕು. ನಾವು ಮನೆ ಬಿಟ್ಟಾಗ ಏಜೆಂಟ್ ಒಬ್ಬ ಕಾರ್ಪೆಟ್ಟಿನ ಅಂಗೈ ಅಗಲದ ಅರಿಶಿನದ ಕಲೆಗೆ ಇಡೀ ಕೋಣೆಯ ಕಾರ್ಪೆಟ್ ದುಡ್ಡು ಹಿಡಿಯಲು ನೋಡಿದ. ಆ ಯೋಜನೆಯವರಿಗೆ ದೂರು ಕೊಟ್ಟೆವು. ಮೊದಲ ದಿನ ತೆಗೆದ ಫೋಟೋಗಳಲ್ಲಿ ಕಾರ್ಪೆಟ್ ಆಗಲೇ ಸವೆದಿದ್ದು ಕಾಣುತ್ತಿತ್ತು. ದುಡ್ಡಿನ ಬಹುಪಾಲು ವಾಪಸ್ ಬಂತು. ಬೀಗದ ಕೈ ತಗೊಂಡ ದಿನವೇ ಮೂಲೆ ಮೂಲೆ ಫೋಟೋ ತೆಗೆಯಿರಿ.

## ದಿನದ ಬದುಕು

"ಮನೆಕೆಲಸಕ್ಕೆ ಯಾರೂ ಸಿಗಲ್ವಂತೆ?"

ಸಿಗುತ್ತಾರೆ, ಅವರ ದರ ಕೇಳಿದ ಮೇಲೆ ನಾವೇ ಗುಡಿಸುತ್ತೇವೆ. 2025ರ ಏಪ್ರಿಲ್‌ನಲ್ಲಿ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್ ಆಯಿತು. ಇದು ಸರಿಯಾದ್ದೇ ಅಂತ ನನ್ನ ಅಭಿಪ್ರಾಯ. ಊರಲ್ಲಿ ನಮಗೆ ಸಿಗುವ ಆರಾಮದ ಬೆಲೆಯನ್ನು ಕೆಲಸದಾಕೆಯೇ ಕಟ್ಟುತ್ತಾಳೆ, ನಾವಲ್ಲ. ಇಲ್ಲಿಗೆ ಬಂದು ಪಾತ್ರೆ ತೊಳೆಯಲು ಕಲಿತ ಗಂಡಸರು, ಊರಿಗೆ ಹೋದ ತಕ್ಷಣ ಕೂತಲ್ಲೇ "ಕಾಫಿ" ಅಂತ ಕೂಗುವುದನ್ನೂ ನೋಡಿದ್ದೇನೆ.

"ಹುಷಾರಿಲ್ಲ ಅಂದ್ರೆ ಡಾಕ್ಟರೇ ಸಿಗಲ್ಲ, ಬರೀ ಪ್ಯಾರಾಸಿಟಮಾಲ್ ಕೊಡ್ತಾರಂತೆ?"

ಅರ್ಧ ನಿಜ. ಎನ್‌ಎಚ್‌ಎಸ್, ಅಂದರೆ ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆ, ಶುರುವಾದದ್ದು 1948ರ ಜುಲೈ 5ರಂದು. ಡಾಕ್ಟರ ಹತ್ತಿರ ಹೋದಾಗ ಕಾಸು ಕೊಡುವಂತಿಲ್ಲ ಅನ್ನುವುದು ಅದರ ಮೂಲ ನಿಯಮ, ಇವತ್ತಿಗೂ ಅದು ಉಳಿದಿದೆ. ಆದರೆ ನೇರ ಸ್ಪೆಷಲಿಸ್ಟ್ ಹತ್ತಿರ ಹೋಗಲು ಆಗುವುದಿಲ್ಲ. ಮೊದಲು ನಿಮ್ಮ ಬಡಾವಣೆಯ ಜಿಪಿ, ಅಂದರೆ ಸಾಮಾನ್ಯ ಡಾಕ್ಟರನ್ನು ನೋಡಬೇಕು, ಅವರು ಬರೆದು ಕಳಿಸಬೇಕು. ಜಿಪಿ ಸಿಗಲು ಎಷ್ಟೋ ಕಡೆ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಫೋನ್ ಹಿಡಿದು ಕೂರಬೇಕು. ಲೈನ್ ಸಿಕ್ಕಾಗ ಸಾಲಿನಲ್ಲಿ ನೀವು ಇಪ್ಪತ್ತನೆಯವರು.

ಜ್ವರ, ನೆಗಡಿ, ಮಂಡಿನೋವಿಗೆ ಇಲ್ಲಿ ಸಿಟ್ಟು ಬರುತ್ತದೆ. ಆಂಟಿಬಯೋಟಿಕ್ ಸುಮ್ನೆ ಬರೆಯುವುದಿಲ್ಲ. ಮಂಡಿಯ ಆಪರೇಷನ್‌ಗೆ 18 ವಾರದ ಗುರಿ ಅಂತ ಕಾಗದದಲ್ಲಿದೆ, ಜನ ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತಾರೆ. ಆದರೆ ಜೀವಕ್ಕೆ ಬಂದಾಗ ಲೆಕ್ಕವೇ ಬೇರೆ. ನಮ್ಮ ಪರಿಚಯದವರೊಬ್ಬರಿಗೆ ಎದೆನೋವು ಬಂತು. ಆ ರಾತ್ರಿಯೇ ಸ್ಟೆಂಟ್ ಹಾಕಿದರು. ಮನೆಗೆ ಬಂದ ಮೇಲೆ ಅವರ ಹೆಂಡತಿ ವಾರಗಟ್ಟಲೆ ಬಿಲ್ಲಿಗಾಗಿ ಕಾದರು. ಬಿಲ್ಲು ಬರಲೇ ಇಲ್ಲ. ಊರಲ್ಲಿ ಅಡ್ವಾನ್ಸ್ ಕಟ್ಟದೆ ಒಳಗೆ ಬಿಡದ ಆಸ್ಪತ್ರೆ ಕಂಡವರಿಗೆ ಇದು ಸಣ್ಣ ಮಾತಲ್ಲ.

ಪುಕ್ಕಟೆ ಅನ್ನುವುದು ಮಾತ್ರ ವೀಸಾದವರಿಗೆ ಸುಳ್ಳು. ವೀಸಾ ಅರ್ಜಿಯ ಜೊತೆ ಕಟ್ಟುವ ಆರೋಗ್ಯ ಸರ್‌ಚಾರ್ಜ್ 2024ರ ಫೆಬ್ರವರಿಯಿಂದ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ ಮತ್ತು ವಿದ್ಯಾರ್ಥಿಗಳಿಗೆ 776. ಗಂಡ, ಹೆಂಡತಿ, ಎರಡು ಮಕ್ಕಳು, ಐದು ವರ್ಷದ ವೀಸಾ ಅಂದರೆ 18,110 ಪೌಂಡ್, ಅದೂ ಮೊದಲೇ. ಜೊತೆಗೆ ಸಂಬಳದಿಂದ ತೆರಿಗೆ ಬೇರೆ ಹೋಗುತ್ತದೆ. ಇಂಗ್ಲೆಂಡಿನಲ್ಲಿ ಔಷಧಿ ಚೀಟಿಯ ಒಂದೊಂದು ಔಷಧಿಗೆ 9.90 ಪೌಂಡ್, ಮಕ್ಕಳಿಗೆ, ಬಸುರಿಯರಿಗೆ, 60 ದಾಟಿದವರಿಗೆ ಇಲ್ಲ. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಯಾರಿಗೂ ಇಲ್ಲ. ಯಾವಾಗ ಎಲ್ಲಿಗೆ ಹೋಗಬೇಕು ಗೊತ್ತಾಗದಿದ್ದರೆ 111ಕ್ಕೆ ಫೋನ್ ಮಾಡಿ. 999 ಪ್ರಾಣಾಪಾಯಕ್ಕೆ ಮಾತ್ರ.

"ಬಿಳಿಯರು ಮಾತಾಡಿಸ್ತಾರಾ? ಪಕ್ಕದ ಮನೆಯವರ ಪರಿಚಯ ಇದೆಯಾ?"

ಮಾತಾಡಿಸುತ್ತಾರೆ, ಹವಾಮಾನದಿಂದ ಶುರು ಮಾಡಿ ಹವಾಮಾನದಲ್ಲೇ ಮುಗಿಸುತ್ತಾರೆ. ಸಂಬಳ, ಜಾತಿ, ಇನ್ನೊಂದು ಮಗು ಯಾವಾಗ ಅಂತ ಕೇಳುವುದಿಲ್ಲ. ಮೊದಮೊದಲು ಇದು ತಣ್ಣಗಿನ ಜನ ಅನ್ನಿಸುತ್ತದೆ. ಆಮೇಲೆ ಊರಿಗೆ ಹೋಗಿ ಎರಡು ದಿನ ಪ್ರಶ್ನೆ ಕೇಳಿಸಿಕೊಂಡರೆ ತಣ್ಣಗಿನದೂ ಹಿತ ಅನ್ನಿಸುತ್ತದೆ.

ಸ್ನೇಹ ನಿಧಾನವಾಗಿ ಬೆಳೆಯುತ್ತದೆ, ಮಾತಿಗಿಂತ ಕೆಲಸದಿಂದ. ನಮ್ಮ ಪಕ್ಕದ ಮನೆಯ ವಯಸ್ಸಾದ ಹೆಂಗಸು ನಮ್ಮ ಪಾರ್ಸೆಲ್ ತೆಗೆದಿಟ್ಟುಕೊಳ್ಳುತ್ತಾರೆ. ನಾವು ಅವರ ಕಸದ ಡಬ್ಬಿಯನ್ನು ಬೀದಿಗೆ ಎಳೆಯುತ್ತೇವೆ. ಅವರಿಗೆ ಕೌನ್ಸಿಲ್‌ನವರು (ನಮ್ಮ ನಗರಸಭೆಯಂಥವರು) ಬಾಡಿಗೆಗೆ ಕೊಡುವ ಒಂದು ತುಂಡು ತೋಟ ಇದೆ. ಆಗಸ್ಟ್ ಬಂದರೆ ತೊಡೆ ಗಾತ್ರದ ಮ್ಯಾರೋ ಕಾಯಿ ನಮ್ಮ ಬಾಗಿಲಲ್ಲಿ ಇಟ್ಟು ಹೋಗುತ್ತಾರೆ, ಬೆಲ್ ಕೂಡ ಒತ್ತುವುದಿಲ್ಲ. ಹೆಂಡತಿ ಅದನ್ನು ಕಡಲೆಬೇಳೆ ಹಾಕಿ ಕೂಟು ಮಾಡುತ್ತಾಳೆ. ಒಂದು ಡಬ್ಬಿ ಅವರ ಮನೆಗೂ ಹೋಗುತ್ತದೆ. ಅವರು ಅದನ್ನು ಬ್ರೆಡ್ ಮೇಲೆ ಹಚ್ಚಿಕೊಂಡು ತಿನ್ನುತ್ತಾರೆ. ತಿನ್ನಲಿ ಬಿಡಿ.

ಕಚೇರಿಯವರು ಶುಕ್ರವಾರ ಸಂಜೆ ಪಬ್ಬಿಗೆ ಕರೆದರೆ ಹೋಗಿ. ಕುಡಿಯಲೇಬೇಕು ಅಂತಿಲ್ಲ, ನಿಂಬೆಹಣ್ಣಿನ ಸೋಡಾ ಹಿಡಿದು ನಿಂತರೂ ಯಾರೂ ಕೇಳುವುದಿಲ್ಲ. ಬಡ್ತಿಯ ಸುದ್ದಿ ಅರ್ಧ ಅಲ್ಲೇ ಓಡಾಡುತ್ತದೆ. ಹೋಗದವರು "ನಮ್ಮನ್ನು ಸೇರಿಸಿಕೊಳ್ಳಲ್ಲ" ಅಂತ ದೂರುತ್ತಾರೆ.

"ನಮ್ಮ ಡ್ರೈವಿಂಗ್ ಲೈಸೆನ್ಸ್ ನಡೆಯುತ್ತಾ?"

ಬಂದು ನೆಲೆಸಿದ ದಿನದಿಂದ 12 ತಿಂಗಳು ನಡೆಯುತ್ತದೆ. ಆಮೇಲೆ ಇಲ್ಲಿಯ ಕಲಿಕಾ ಲೈಸೆನ್ಸ್, ಥಿಯರಿ, ರಸ್ತೆ ಪರೀಕ್ಷೆ ಎಲ್ಲ ಮೊದಲಿಂದ. ಥಿಯರಿಯಲ್ಲಿ 50ಕ್ಕೆ 43 ಬರಬೇಕು. ರಸ್ತೆ ಪರೀಕ್ಷೆಯ ದಿನಾಂಕ ಸಿಗಲು ತಿಂಗಳುಗಟ್ಟಲೆ ಆಗುತ್ತದೆ, ಬಂದ ಕೂಡಲೇ ಶುರು ಹಚ್ಚಿಕೊಳ್ಳಿ. ಇಪ್ಪತ್ತು ವರ್ಷ ಓಡಿಸಿದ ಅನುಭವ ಇದ್ದವರೇ ಜಾಸ್ತಿ ಫೇಲಾಗುವುದು, ಕನ್ನಡಿ ನೋಡುವ ಅಭ್ಯಾಸ ಇಲ್ಲದೆ.

## ದುಡ್ಡು, ವೀಸಾ

"ಸಂಬಳ ಎಷ್ಟು? ರೂಪಾಯಿಲಿ ಹೇಳಿ."

ರೂಪಾಯಿಯಲ್ಲಿ ಹೇಳಿದರೆ ಸುಳ್ಳಾಗುತ್ತದೆ, ಅದಕ್ಕೇ ಪೌಂಡಿನಲ್ಲೇ ಒಂದು ಲೆಕ್ಕ ಹಾಕೋಣ. ವರ್ಷಕ್ಕೆ 50,000 ಪೌಂಡ್ ಅನ್ನಿ. ಊರಲ್ಲಿ ಕೇಳಿದವರು "ಅರ್ಧ ಕೋಟಿ ಮೇಲಾಯ್ತಲ್ಲ" ಅಂತ ಹುಬ್ಬೇರಿಸುತ್ತಾರೆ. ಮೊದಲ 12,570ಕ್ಕೆ ತೆರಿಗೆ ಇಲ್ಲ. ಉಳಿದದ್ದಕ್ಕೆ 20 ಶೇಕಡಾ ಆದಾಯ ತೆರಿಗೆ, 8 ಶೇಕಡಾ ನ್ಯಾಷನಲ್ ಇನ್ಶೂರೆನ್ಸ್, ಅಂದರೆ ಸರ್ಕಾರಿ ಸಾಮಾಜಿಕ ವಿಮೆಯ ಕಂತು. ಕೈಗೆ ಬರುವುದು ತಿಂಗಳಿಗೆ ಸುಮಾರು 3,290. ಪೆನ್ಷನ್ ಕಡಿತ ಇದರ ಮೇಲೆ. ರೆಡಿಂಗ್‌ನಲ್ಲಿ ಎರಡು ಕೋಣೆಯ ಮನೆಗೆ ಸುಮಾರು 1,500. ಕೌನ್ಸಿಲ್ ತೆರಿಗೆ, ಗ್ಯಾಸ್, ಕರೆಂಟು, ನೀರು, ಇಂಟರ್‌ನೆಟ್ ಸೇರಿ 450 ಅನ್ನಿ. ಕಾರು, ವಿಮೆ, ರೈಲು, ದಿನಸಿ ಆದ ಮೇಲೆ ತಿಂಗಳ ಕೊನೆಗೆ ಉಳಿಯುವುದು ಕೆಲವು ನೂರು.

ಮೂರು ವರ್ಷದೊಳಗಿನ ಮಗು ಇದ್ದು ಇಬ್ಬರೂ ದುಡಿಯಬೇಕೆಂದರೆ ನರ್ಸರಿಗೆ ತಿಂಗಳಿಗೆ ಸಾವಿರ ಪೌಂಡ್ ದಾಟುತ್ತದೆ. ದುಡಿಯುವ ತಂದೆತಾಯಿಗೆ ವಾರಕ್ಕೆ 30 ಗಂಟೆ ಸರ್ಕಾರ ಭರಿಸುತ್ತದೆ ಅಂತ ಸುದ್ದಿ ಓದಿರುತ್ತೀರಿ. ಗಂಡ ಹೆಂಡತಿ ಇಬ್ಬರ ವೀಸಾದಲ್ಲೂ 'ಸಾರ್ವಜನಿಕ ಹಣಕ್ಕೆ ಹಕ್ಕಿಲ್ಲ' ಎಂದಿದ್ದರೆ ಅದು ಸಿಗದು. ಇದನ್ನು ಮೊದಲೇ ಯಾರೂ ಹೇಳಿರುವುದಿಲ್ಲ.

ಹಾಗಾಗಿ ದುಡ್ಡು ಮಾಡಲು ಇಲ್ಲಿಗೆ ಬರಬೇಡಿ ಅಂತ ನೇರವಾಗಿ ಹೇಳುತ್ತೇನೆ. ಬೆಂಗಳೂರಿನಲ್ಲಿ ಒಳ್ಳೆ ಕೆಲಸ ಇರುವ ಸಾಫ್ಟ್‌ವೇರ್‌ನವರು ಅಲ್ಲೇ ಇದ್ದು ಇಲ್ಲಿಯವರಿಗಿಂತ ಜಾಸ್ತಿ ಉಳಿಸುತ್ತಾರೆ. ಇಲ್ಲಿ ಸಿಗುವುದು ಸಂಜೆ. ಐದೂವರೆಗೆ ಲ್ಯಾಪ್‌ಟಾಪ್ ಮುಚ್ಚಿದರೆ ಬಾಸ್ ಫೋನ್ ಮಾಡುವುದಿಲ್ಲ. ವರ್ಷಕ್ಕೆ ಹಬ್ಬದ ರಜೆ ಸೇರಿ ಕನಿಷ್ಠ 28 ದಿನ ಸಂಬಳದ ರಜೆ ಕಾನೂನಿನಲ್ಲೇ ಇದೆ, ಅದನ್ನು ತಗೊಳ್ಳದಿದ್ದರೆ ಮ್ಯಾನೇಜರೇ ಕೇಳುತ್ತಾರೆ. ಹತ್ತು ನಿಮಿಷ ನಡೆದರೆ ಪಾರ್ಕು, ಪುಟ್ಟ ಲೈಬ್ರರಿ, ಎರಡಕ್ಕೂ ಟಿಕೆಟ್ಟಿಲ್ಲ. ಫುಟ್‌ಪಾತಿನ ಮೇಲೆ ಮಗುವಿನ ಗಾಡಿ ತಳ್ಳಿಕೊಂಡು ಹೋಗಬಹುದು. ಇವಕ್ಕೆ ಬೆಲೆ ಕಟ್ಟುವವರು ಬನ್ನಿ.

"ಮಗನನ್ನು ಎಂಎಸ್ಸಿಗೆ ಕಳಿಸಬಹುದಾ? ಓದ್ತಾ ದುಡಿದು ಸಾಲ ತೀರಿಸಬಹುದಂತೆ."

ಓದುತ್ತಾ ದುಡಿದು ಸಾಲ ತೀರುವುದಿಲ್ಲ. ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ಅದು ಕೋಣೆ ಬಾಡಿಗೆಗೆ, ಊಟಕ್ಕೆ ಸರಿಹೋಗುತ್ತದೆ. ಮುಗಿದ ಮೇಲೆ ಕೆಲಸ ಹುಡುಕಲು ಎರಡು ವರ್ಷದ ಗ್ರಾಜುಯೇಟ್ ವೀಸಾ ಇದೆ. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳಿಗೆ ಇಳಿಯುತ್ತದೆ, ಪಿಎಚ್‌ಡಿಯವರನ್ನು ಬಿಟ್ಟು. ಅದರ ನಂತರ ಕಂಪನಿಯೊಂದು ಸ್ಪಾನ್ಸರ್ ಮಾಡುವ ಸ್ಕಿಲ್ಡ್ ವರ್ಕರ್ ವೀಸಾ ಬೇಕು. 2025ರ ಜುಲೈ 22ರಿಂದ ಅದಕ್ಕೆ ಸಾಮಾನ್ಯವಾಗಿ ವರ್ಷಕ್ಕೆ 41,700 ಪೌಂಡ್ ಸಂಬಳ ಇರಬೇಕು. ಹೊಸಬರಿಗೆ ಕೊಂಚ ರಿಯಾಯಿತಿ ಇದೆ, ಆದರೂ ಅಷ್ಟು ಕೊಟ್ಟು ಸ್ಪಾನ್ಸರ್ ಮಾಡುವ ಕಂಪನಿ ಕಡಿಮೆ. 2024ರ ಜನವರಿಯಿಂದ ಸಾಮಾನ್ಯ ಎಂಎಸ್ಸಿಗೆ ಹೆಂಡತಿ ಮಕ್ಕಳನ್ನು ಕರೆತರುವಂತೆಯೂ ಇಲ್ಲ.

ಒಳ್ಳೆ ಯೂನಿವರ್ಸಿಟಿ, ಒಳ್ಳೆ ವಿಷಯ, ಕೆಲಸ ಸಿಗದಿದ್ದರೂ ವಾಪಸ್ ಬಂದು ತೀರಿಸಬಹುದಾದಷ್ಟೇ ಸಾಲ ಇದ್ದರೆ ಕಳಿಸಿ. ತೋಟ ಅಡವಿಟ್ಟು, ಹೆಸರೇ ಕೇಳದ ಕಾಲೇಜಿಗೆ ಏಜೆಂಟ್ ಮಾತು ಕೇಳಿ ಕಳಿಸಬೇಡಿ. ಆ ಏಜೆಂಟಿಗೆ ಕಮಿಷನ್ ಕೊಡುವುದು ಕಾಲೇಜೇ.

ಇನ್ನೊಂದು ಮಾತು. "ಹದಿನೈದು ಲಕ್ಷ ಕೊಟ್ಟರೆ ಸ್ಪಾನ್ಸರ್‌ಶಿಪ್ ಕೊಡಿಸ್ತೀನಿ" ಅನ್ನುವವರು ಬರುತ್ತಾರೆ. ಅದನ್ನು ಮಾರುವುದು ಕಾನೂನುಬಾಹಿರ. ವೃದ್ಧರ ಆರೈಕೆ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ಕರೆಸುವ ದಾರಿಯೇ 2025ರ ಜುಲೈ 22ಕ್ಕೆ ಮುಚ್ಚಿದೆ. ಇನ್ನೂ ಆ ಹೆಸರಿನಲ್ಲಿ ದುಡ್ಡು ಕೇಳುವವರಿದ್ದರೆ ಬಾಗಿಲು ಹಾಕಿಕೊಳ್ಳಿ.

## ಮಕ್ಕಳು

"ಶಾಲೆ ಫೀಸ್ ಎಷ್ಟು?"

ಸರ್ಕಾರಿ ಶಾಲೆಗೆ ಸೊನ್ನೆ. ಡಾಕ್ಟರ್ ಮಗನೂ ಬಸ್ ಡ್ರೈವರ್ ಮಗಳೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ನಾಲ್ಕು ತುಂಬಿದ ಸೆಪ್ಟೆಂಬರಿಗೆ ಸೇರಬಹುದು, ಮೊದಲ ಮೂರು ವರ್ಷ ಇಂಗ್ಲೆಂಡಿನಲ್ಲಿ ಮಧ್ಯಾಹ್ನದ ಊಟವೂ ಉಚಿತ. ಮನೆಯಿಂದ ಶಾಲೆಗೆ ಎಷ್ಟು ದೂರ ಅನ್ನುವುದರ ಮೇಲೆ ಸೀಟು. ಅದಕ್ಕೇ ಒಳ್ಳೆ ಶಾಲೆಯ ಸುತ್ತ ಬಾಡಿಗೆ ಏರಿರುತ್ತದೆ. ಫೀಸನ್ನು ಬಾಡಿಗೆಯಲ್ಲಿ ಕಟ್ಟಿದ ಹಾಗೆ, ಅಲ್ವಾ? ಪ್ರೈಮರಿಗೆ ಜನವರಿ 15, ಹೈಸ್ಕೂಲಿಗೆ ಅಕ್ಟೋಬರ್ 31 ಅರ್ಜಿಗೆ ಕೊನೆ ದಿನ.

ರೆಡಿಂಗ್‌ನಲ್ಲಿ ಹುಡುಗರಿಗೆ ರೆಡಿಂಗ್ ಸ್ಕೂಲ್, ಹುಡುಗಿಯರಿಗೆ ಕೆಂಡ್ರಿಕ್ ಅಂತ ಎರಡು ಗ್ರಾಮರ್ ಶಾಲೆಗಳಿವೆ. ಹತ್ತು ಹನ್ನೊಂದನೇ ವಯಸ್ಸಿಗೆ ಪರೀಕ್ಷೆ ಬರೆದು ಸೇರಬೇಕು. ಸಿಇಟಿ, ನೀಟ್ ಗಲಾಟೆಯಿಂದ ಮಕ್ಕಳನ್ನು ಪಾರು ಮಾಡಲು ಬಂದೆವು ಅನ್ನುವ ನಮ್ಮೋರೇ ಎಂಟು ವರ್ಷದ ಮಗುವಿಗೆ ಎರಡೆರಡು ಟ್ಯೂಷನ್ ಹಾಕುತ್ತಾರೆ. ಭಾನುವಾರ ಬೆಳಿಗ್ಗೆ ಟ್ಯೂಷನ್ ಸೆಂಟರ್ ಮುಂದೆ ನಿಂತ ಕಾರುಗಳನ್ನು ನೋಡಿದರೆ ದಾವಣಗೆರೆಯ ವಿದ್ಯಾನಗರವೇ ನೆನಪಾಗುತ್ತದೆ.

"ಮಕ್ಕಳಿಗೆ ಕನ್ನಡ ಬರುತ್ತಾ?"

ಅರ್ಥ ಆಗುತ್ತದೆ. ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಹತ್ತನೇ ತರಗತಿಯ ಮಟ್ಟದ ಜಿಸಿಎಸ್‌ಇ ಪರೀಕ್ಷೆಯಲ್ಲಿ ಗುಜರಾತಿ, ಪಂಜಾಬಿ, ಬಂಗಾಳಿ, ಉರ್ದು ಇವೆ, ಕನ್ನಡ ಇಲ್ಲ. ಹಾಗಾಗಿ ಕನ್ನಡ ಕಲಿತರೆ ಅಂಕ ಬರುವುದಿಲ್ಲ. ಕನ್ನಡ ಬಳಗ ಯುಕೆ, ಕನ್ನಡಿಗರು ಯುಕೆ ಮೊದಲಾದ ಸಂಘಗಳಿವೆ. ಯುಗಾದಿ, ರಾಜ್ಯೋತ್ಸವ, ದೀಪಾವಳಿಗೆ ಸೇರುತ್ತೇವೆ. ಸ್ವಂತ ಖುಷಿಗೆ ಕನ್ನಡ ಹೇಳಿಕೊಡುವವರೂ ಇದ್ದಾರೆ.

ನನ್ನ ಅನುಭವದಲ್ಲಿ ತರಗತಿಗಿಂತ ಅಜ್ಜಿಯ ವಿಡಿಯೋ ಕಾಲ್ ಕೆಲಸ ಮಾಡುತ್ತದೆ. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ, ಮಗಳಿಗೆ ಅಜ್ಜಿ ಬೇಕು. ಮಧ್ಯೆ ನಾವು ಅನುವಾದ ಮಾಡದೆ ಎದ್ದು ಹೋದರೆ ಸಾಕು, ಅವಳೇ ದಾರಿ ಹುಡುಕಿಕೊಳ್ಳುತ್ತಾಳೆ. ಈಗ ಅವಳ ಕನ್ನಡದಲ್ಲಿ "ಯಾಕವ್ವಾ", "ಹೌದೇನು" ಎಲ್ಲ ಬರುತ್ತದೆ. ಕಥೆ ಪುಸ್ತಕ ಓದಲು ಮಾತ್ರ ಒಲ್ಲೆ ಅನ್ನುತ್ತಾಳೆ.

## ಗಟ್ಟಿ ಪ್ರಶ್ನೆಗಳು

"ಬಣ್ಣ ನೋಡಿ ಭೇದ ಮಾಡ್ತಾರಾ? ನಿಜ ಹೇಳಿ."

ದಿನನಿತ್ಯ ಅಲ್ಲ, ಆದರೆ ಇದೆ. ರೈಲಿನಲ್ಲಿ ಕುಡಿದವನೊಬ್ಬ "ನಿಮ್ಮ ದೇಶಕ್ಕೆ ಹೋಗಿ" ಅಂತ ಕಿರುಚಿದ್ದಾನೆ. ಆ ಡಬ್ಬಿಯಲ್ಲಿದ್ದ ಇಬ್ಬರು ಬಿಳಿಯರು ಎದ್ದು ಬಂದು ನಮ್ಮ ಪಕ್ಕ ಕೂತದ್ದೂ ಅಷ್ಟೇ ನಿಜ. 2024ರ ಜುಲೈ 29ರಂದು ಸೌತ್‌ಪೋರ್ಟ್‌ನಲ್ಲಿ ಮೂವರು ಪುಟ್ಟ ಹುಡುಗಿಯರ ಕೊಲೆಯಾಯಿತು. ಕೊಂದವನು ದೋಣಿಯಲ್ಲಿ ಬಂದ ವಲಸಿಗ ಅನ್ನುವ ಸುಳ್ಳು ಹಬ್ಬಿ ಹಲವು ಊರುಗಳಲ್ಲಿ ಗಲಭೆ ಆಯಿತು. ಆ ವಾರ ನಮ್ಮ ಗುಂಪುಗಳಲ್ಲಿ "ಕತ್ತಲಾದ ಮೇಲೆ ಹೊರಗೆ ಹೋಗಬೇಡಿ" ಅನ್ನುವ ಸಂದೇಶಗಳೇ. ಅಂಥ ಹೊತ್ತಿನಲ್ಲಿ ನಮ್ಮ ಪಾಸ್‌ಪೋರ್ಟ್, ತೆರಿಗೆ, ಡಿಗ್ರಿ ಯಾವುದೂ ಮುಖದ ಮೇಲೆ ಬರೆದಿರುವುದಿಲ್ಲ ಅಂತ ತಿಳಿಯುತ್ತದೆ.

ಕೆಲಸದಲ್ಲಿ ಭೇದ ಮಾಡಿದರೆ 2010ರ ಸಮಾನತೆ ಕಾಯ್ದೆ ಇದೆ. ದಿನಾಂಕ, ಮಾತು, ಯಾರಿದ್ದರು ಎಲ್ಲ ಬರೆದಿಟ್ಟುಕೊಳ್ಳಿ.

ಇನ್ನು ನಮ್ಮೊಳಗಿನದು. ಸಮಾರಂಭದಲ್ಲಿ ಸಿಕ್ಕ ಎರಡನೇ ನಿಮಿಷಕ್ಕೆ "ನಿಮ್ಮ ಪೂರ್ತಿ ಹೆಸರು?" ಅಂತ ಕೇಳುವವರು ಏನನ್ನು ಹುಡುಕುತ್ತಿದ್ದಾರೆ ಅಂತ ಎಲ್ಲರಿಗೂ ಗೊತ್ತು. ಬಿಳಿಯರ ಭೇದದ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಕೆಲವರು ಮನೆ ಬಾಡಿಗೆಗೆ ಕೊಡುವಾಗ "ನಮ್ಮವರೇ ಬೇಕು" ಅನ್ನುತ್ತಾರೆ.

"ಸುನಕ್ ಪ್ರಧಾನಿ ಆಗಿದ್ದಾಗ ನಿಮಗೆ ಅನುಕೂಲ ಆಯ್ತಾ? ನೀವು ಅಲ್ಲಿ ಓಟು ಹಾಕ್ತೀರಾ?"

2022ರ ಅಕ್ಟೋಬರ್ 25ರಂದು ರಿಷಿ ಸುನಕ್ ಪ್ರಧಾನಿಯಾದಾಗ ಹುಬ್ಬಳ್ಳಿಯಲ್ಲಿ ಹುಟ್ಟಿದ ಅಕ್ಷತಾ ಮೂರ್ತಿ ಅವರ ಗಂಡ ಅಂತ ಊರಲ್ಲಿ ಎಲ್ಲರಿಗೂ ಹೆಮ್ಮೆ. ನಮಗೂ ಒಂದು ದಿನ ಖುಷಿಯಾಯಿತು. ಆಮೇಲೆ ಅವರ ಸರ್ಕಾರವೇ ಆರೋಗ್ಯ ಸರ್‌ಚಾರ್ಜನ್ನು 624ರಿಂದ 1,035ಕ್ಕೆ ಏರಿಸಿತು. ಸ್ಕಿಲ್ಡ್ ವರ್ಕರ್ ಸಂಬಳದ ಮಿತಿಯನ್ನು 26,200ರಿಂದ 38,700ಕ್ಕೆ ತಂದಿತು. ಅಳಿಯ ನಮ್ಮವರಾದರೂ ವೀಸಾ ನಮ್ಮದಲ್ಲ.

ಓಟು ಹಾಕುತ್ತೇವೆ. ಇದು ಎಷ್ಟೋ ಭಾರತೀಯರಿಗೆ ಗೊತ್ತೇ ಇಲ್ಲ. ಕಾಮನ್‌ವೆಲ್ತ್ ದೇಶದ ಪ್ರಜೆ ಇಲ್ಲಿ ಕಾನೂನುಬದ್ಧವಾಗಿ ನೆಲೆಸಿದ್ದರೆ, ಪಾರ್ಲಿಮೆಂಟ್ ಚುನಾವಣೆಗೂ ಓಟಿದೆ. ಹೆಸರು ನೋಂದಾಯಿಸಬೇಕು ಅಷ್ಟೇ. ಗುರುತಿಗೆ ಭಾರತದ ಪಾಸ್‌ಪೋರ್ಟ್ ಸಾಕು. 2024ರ ಜುಲೈ 4ರಂದು ಸಿಂಹದ ಲಾಂಛನದ ಪಾಸ್‌ಪೋರ್ಟ್ ತೋರಿಸಿ, ದಾರಕ್ಕೆ ಕಟ್ಟಿದ್ದ ಪೆನ್ಸಿಲ್‌ನಿಂದ ಗುರುತು ಹಾಕಿ ಬಂದೆ. ಬೆರಳಿಗೆ ಶಾಯಿ ಹಚ್ಚಲಿಲ್ಲ.

"ಪಾಸ್‌ಪೋರ್ಟ್ ಬದಲಾಯಿಸ್ತೀರಾ?"

ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಐದು ವರ್ಷ ಆದರೆ ಶಾಶ್ವತ ವಾಸದ ಅನುಮತಿಗೆ ಅರ್ಜಿ ಹಾಕುವುದು 2025ರಲ್ಲಿದ್ದ ನಿಯಮ. ಇದನ್ನು ಹತ್ತು ವರ್ಷಕ್ಕೆ ಏರಿಸುವ ಮಾತನ್ನು ಸರ್ಕಾರ 2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಎತ್ತಿದೆ. ಅಂದಿನಿಂದ ನಮ್ಮ ಗುಂಪುಗಳಲ್ಲಿ ಬೇರೆ ಮಾತೇ ಇಲ್ಲ. 'ಲೈಫ್ ಇನ್ ದ ಯುಕೆ' ಪರೀಕ್ಷೆ ಬರೆಯಬೇಕು: 24 ಪ್ರಶ್ನೆ, 45 ನಿಮಿಷ, 18 ಸರಿ ಇರಬೇಕು. ಎಂಟನೇ ಹೆನ್ರಿಯ ಆರು ಹೆಂಡತಿಯರ ಬಗ್ಗೆ ಓದಿಕೊಳ್ಳಿ. ಇಲ್ಲೇ ಹುಟ್ಟಿದ ನಮ್ಮ ಆಫೀಸಿನವರಿಗೆ ಮಾದರಿ ಪ್ರಶ್ನೆ ಕೊಟ್ಟೆವು, ಅರ್ಧ ಜನ ಫೇಲು.

ಅದಾದ ಮೇಲೆ ಸಾಮಾನ್ಯವಾಗಿ ಒಂದು ವರ್ಷಕ್ಕೆ ಪೌರತ್ವ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ, ನೀಲಿ ಪಾಸ್‌ಪೋರ್ಟ್ ಒಪ್ಪಿಸಿ ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ತಗೊಳ್ಳಬೇಕು. ಒಸಿಐನವರಿಗೆ ಭಾರತದಲ್ಲಿ ಓಟಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದು ಇಟ್ಟುಕೊಳ್ಳಬಹುದು. ನಾನು ಇನ್ನೂ ಬದಲಾಯಿಸಿಲ್ಲ. ದೇಶಭಕ್ತಿ ಅಂತೆಲ್ಲ ಅಲ್ಲ, ಮುಂದಿನ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ ಅಂತ.

"ಅಪ್ಪ ಅಮ್ಮನನ್ನ ಅಲ್ಲಿಗೇ ಕರ್ಕೊಂಡು ಹೋಗಬಾರದಾ?"

ಊರಲ್ಲಿ ಇದನ್ನು ಕೇಳುವಾಗ ದನಿಯಲ್ಲಿ ಸ್ವಲ್ಪ ಆಕ್ಷೇಪ ಇರುತ್ತದೆ. ಆಗುವುದಿಲ್ಲ. ಪ್ರವಾಸಿ ವೀಸಾದಲ್ಲಿ ಒಮ್ಮೆಗೆ ಆರು ತಿಂಗಳು ಬಂದು ಹೋಗಬಹುದು. ಶಾಶ್ವತವಾಗಿ ಕರೆತರುವ ನಿಯಮವನ್ನು 2012ರ ಜುಲೈನಲ್ಲಿ ಎಷ್ಟು ಬಿಗಿ ಮಾಡಿದರೆಂದರೆ, ಊಟ, ಸ್ನಾನಕ್ಕೂ ಇನ್ನೊಬ್ಬರ ನೆರವು ಬೇಕಾಗುವಷ್ಟು ಕಾಯಿಲೆ ಬಿದ್ದಿರಬೇಕು, ಅಂಥ ಆರೈಕೆ ಭಾರತದಲ್ಲಿ ದುಡ್ಡು ಕೊಟ್ಟರೂ ಸಿಗುವುದಿಲ್ಲ ಅಂತ ತೋರಿಸಬೇಕು. ಅದಕ್ಕೂ ಮೊದಲು ಮಗ ಅಥವಾ ಮಗಳು ಇಲ್ಲಿ ಶಾಶ್ವತವಾಗಿ ನೆಲೆಸಿರಬೇಕು. ದಾವಣಗೆರೆಯಲ್ಲಿ ನರ್ಸ್ ಸಿಗುತ್ತಾರೆ, ನಾವು ದುಡ್ಡು ಕಳಿಸಬಲ್ಲೆವು. ಅಲ್ಲಿಗೆ ಅರ್ಜಿ ಮುಗಿಯಿತು.

ಬಂದು ಹೋಗುವವರ ಬಗ್ಗೆ ಹೇಳುತ್ತೇನೆ. ಮೇನಿಂದ ಸೆಪ್ಟೆಂಬರ್ ಒಳಗೆ ಕರೆಸಿ. ಪ್ರಯಾಣ ವಿಮೆ ಮಾಡಿಸದೆ ವಿಮಾನ ಹತ್ತಿಸಬೇಡಿ. ತುರ್ತು ವಿಭಾಗದಲ್ಲಿ ನೋಡುವುದು ಉಚಿತ, ವಾರ್ಡಿಗೆ ಸೇರಿಸಿದರೆ ಇಂಗ್ಲೆಂಡಿನಲ್ಲಿ ಪ್ರವಾಸಿಗಳಿಗೆ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು ಬಿಲ್ಲು. ಅವರ ಬಿಪಿ, ಶುಗರ್ ಮಾತ್ರೆ ಪೂರ್ತಿ ಅವಧಿಗೆ ತರಲಿ. ನಾವೆಲ್ಲ ಕೆಲಸಕ್ಕೆ, ಶಾಲೆಗೆ ಹೋದ ಮೇಲೆ ಬೆಳಿಗ್ಗೆ ಒಂಬತ್ತರಿಂದ ನಾಲ್ಕರವರೆಗೆ ಅವರು ಏನು ಮಾಡುತ್ತಾರೆ ಅಂತ ಮೊದಲೇ ಯೋಚಿಸಿ. ಅಪ್ಪ ಮೊದಲ ವಾರ ಕಿಟಕಿ ಪಕ್ಕ ಕೂತು ಬೀದಿ ನೋಡಿದರು. "ಇಲ್ಲಿ ಜನಾನೇ ಇಲ್ವಲ್ಲೋ" ಅಂದರು. ಆಮೇಲೆ ಪಾರ್ಕಿನಲ್ಲಿ ಜಲಂಧರ್ ಕಡೆಯ ಸರ್ದಾರ್ಜಿ ಒಬ್ಬರ ಪರಿಚಯವಾಯಿತು. ಅಪ್ಪನಿಗೆ ಹಿಂದಿ ಅಷ್ಟಕ್ಕಷ್ಟೆ, ಅವರಿಗೆ ಕನ್ನಡ ಗೊತ್ತಿಲ್ಲ. ದಿನಾ ಹತ್ತೂವರೆಗೆ ಒಂದೇ ಬೆಂಚು. ಮಳೆ ಬಂದ ದಿನ ಅಪ್ಪ ಚಡಪಡಿಸುತ್ತಿದ್ದರು.

ಲಂಡನ್ನಿಗೆ ಕರೆದುಕೊಂಡು ಹೋದರೆ ಅರಮನೆಗಿಂತ ಮೊದಲು ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗೆ ಹೋಗಿ. ಅಲ್ಲಿ ಬಸವಣ್ಣನ ಪ್ರತಿಮೆ ಇದೆ, 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಅಪ್ಪ ಚಪ್ಪಲಿ ಬಿಟ್ಟು ನಿಂತರು. ಓಡುತ್ತಾ ಬಂದ ಜಾಗಿಂಗ್ ಹುಡುಗಿಯೊಬ್ಬಳು ನಿಂತು, ಇವರು ಯಾರು ಅಂತ ಕೇಳಿದಳು. ಅಪ್ಪನೇ ತಮ್ಮ ಹೈಸ್ಕೂಲ್ ಇಂಗ್ಲಿಷಿನಲ್ಲಿ ಐದು ನಿಮಿಷ ವಿವರಿಸಿದರು. ಆರು ವಾರದಲ್ಲಿ ಅವರು ಅಷ್ಟು ಮಾತಾಡಿದ್ದು ಅದೇ ಮೊದಲು.

ಇಲ್ಲಿಯ ಬದುಕಿಗೆ ನಾವು ಕಟ್ಟುವ ನಿಜವಾದ ಬೆಲೆ ಇದು, ಪೌಂಡಿನದಲ್ಲ. ರಾತ್ರಿ ಎರಡಕ್ಕೆ ಊರಿನ ನಂಬರಿನಿಂದ ಫೋನ್ ಬಂದರೆ ಎತ್ತುವ ಮೊದಲೇ ಎದೆ ಹೊಡೆದುಕೊಳ್ಳುತ್ತದೆ. ಟಿಕೆಟ್ಟಿಗೆ ಬೇಕಾಗುವಷ್ಟು ದುಡ್ಡನ್ನು ಬೇರೆ ಖಾತೆಯಲ್ಲಿ ಇಟ್ಟಿರಿ, ಪಾಸ್‌ಪೋರ್ಟ್ ಅವಧಿ ನೋಡಿಕೊಂಡಿರಿ. ವೀಸಾ ನವೀಕರಣದ ಅರ್ಜಿ ಹಾಕಿ ತೀರ್ಪು ಬರುವ ಮೊದಲು ದೇಶ ಬಿಟ್ಟರೆ ಆ ಅರ್ಜಿ ರದ್ದಾಗುತ್ತದೆ. ಅಂಥ ವಾರದಲ್ಲೇ ಅಪ್ಪನನ್ನು ಕಳೆದುಕೊಂಡ ಗೆಳೆಯನಿದ್ದಾನೆ. ಅವನು ಹೋದ. ವಾಪಸ್ ಬರಲು ಮತ್ತೆ ಮೊದಲಿಂದ ಅರ್ಜಿ ಹಾಕಿದ.

"ಕೊನೆಗೆ ವಾಪಸ್ ಬರ್ತೀರಾ, ಇಲ್ವಾ?"

ಗೊತ್ತಿಲ್ಲ. ಮಕ್ಕಳು ಹೈಸ್ಕೂಲಿಗೆ ಕಾಲಿಟ್ಟ ಮೇಲೆ ಹೋಗುವವರು ಕಡಿಮೆ. ಹೋಗುವುದಾದರೆ ಅದಕ್ಕೆ ಮೊದಲೇ ಹೋಗಬೇಕು ಅಂತ ನಾವಿಬ್ಬರೂ ಪ್ರತಿ ಯುಗಾದಿಗೆ ಮಾತಾಡಿಕೊಳ್ಳುತ್ತೇವೆ.

ಹೋಗುವವರು ಎರಡು ವಿಷಯ ತಿಳಿದುಕೊಂಡಿರಿ. ಶಾಶ್ವತ ವಾಸದ ಅನುಮತಿ ಸಿಕ್ಕ ಮೇಲೆ ಸತತ ಎರಡು ವರ್ಷಕ್ಕಿಂತ ಜಾಸ್ತಿ ಹೊರಗಿದ್ದರೆ ಅದು ಬಿದ್ದುಹೋಗುತ್ತದೆ. ಇನ್ನೊಂದು ಸರ್ಕಾರಿ ಪಿಂಚಣಿ: ಸಾಮಾನ್ಯವಾಗಿ ಹತ್ತು ವರ್ಷ ನ್ಯಾಷನಲ್ ಇನ್ಶೂರೆನ್ಸ್ ಕಟ್ಟಿದವರಿಗೆ ಸ್ವಲ್ಪ, 35 ವರ್ಷ ಕಟ್ಟಿದವರಿಗೆ ಪೂರ್ತಿ. ಭಾರತದಲ್ಲಿ ಕೂತೇ ಪಡೆಯಬಹುದು. ಆದರೆ ಭಾರತದಲ್ಲಿ ನೆಲೆಸಿದವರ ಪಿಂಚಣಿ ಇಲ್ಲಿಯವರದ್ದರಂತೆ ವರ್ಷ ವರ್ಷ ಏರುವುದಿಲ್ಲ, ಮೊದಲ ದಿನ ಎಷ್ಟಿತ್ತೋ ಅಷ್ಟಕ್ಕೇ ನಿಲ್ಲುತ್ತದೆ. ಅದನ್ನೇ ನಂಬಿ ದಾವಣಗೆರೆಯಲ್ಲಿ ಮನೆ ಕಟ್ಟಿಸುವ ಲೆಕ್ಕ ಹಾಕಬೇಡಿ.